ಎರಡಾಣೆ ಲೆಕ್ಕದ ಬಿಸಿನೆಸ್

ಹನ್ನೆರಡನೇ ತರಗತಿ ಮುಗಿಸಿ ಬಿಬಿಎ, ಬಿಕಾಂ ಎಂದು ಗಲ್ಫಿನಿಂದ ಊರಿಗೆ ಹೊರಡುವ ಮಕ್ಕಳ ಬಾಯಲ್ಲಿ ಈಗ ‘ಸೋಶಿಯಲ್ ಎಂಟರ್‌ಪ್ರೈಸ್’ ಎಂಬ ಮಾತು. ಕಾಲೇಜುಗಳಲ್ಲಿ ಅದು ಸ್ಪರ್ಧೆ, ಸ್ಲೈಡು, ಸರ್ಟಿಫಿಕೇಟು. ಅಸಲಿ ಕೆಲಸ ಮಾತ್ರ ನಡೆಯುವುದು ಲೆಕ್ಕದ ಪುಸ್ತಕದಲ್ಲಿ. ಉಡುಪಿಯ ಪಿಗ್ಮಿಯಿಂದ ಹುಬ್ಬಳ್ಳಿಯ ಕೆಫೆಯವರೆಗೆ ಅದಕ್ಕೆ ಸಾಕ್ಷಿಗಳಿವೆ.

ಜೂನ್ ತಿಂಗಳ ಸಂಜೆ ನಾಲ್ಕು ಗಂಟೆ. ಕುವೈತಿನ ಮಹಬೂಲಾದಲ್ಲಿ ಬಿಸಿಲು ಇಳಿದಿರುವುದಿಲ್ಲ, ಆದರೆ ಕಾನೂನಿನ ಗಡಿಯಾರ ಇಳಿದಿರುತ್ತದೆ. ಜೂನ್ 1ರಿಂದ ಆಗಸ್ಟ್ 31ರ ತನಕ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬುದು ಕುವೈತ್ ಸರಕಾರದ ನಿಯಮ. ನಾಲ್ಕು ಹೊಡೆಯುತ್ತಲೇ ಗೋಡೆಯ ನೆರಳಿಗೆ ಒರಗಿದ್ದವರು ಹೆಲ್ಮೆಟ್ ಏರಿಸಿಕೊಂಡು ಏಳುತ್ತಾರೆ. ಬಕಾಲಾ ಅಂಗಡಿಯ ಹುಡುಗ ನೀರಿನ ಕ್ಯಾನು ಹೊತ್ತು ಲಿಫ್ಟಿಗೆ ಕಾಯುತ್ತಾನೆ. ಕಂಪನಿಯ ಬಸ್ಸು ಒಂದು ಪಾಳಿಯವರನ್ನು ಇಳಿಸಿ ಇನ್ನೊಂದು ಪಾಳಿಯವರನ್ನು ಹತ್ತಿಸಿಕೊಳ್ಳುತ್ತದೆ.

ಅದೇ ಹೊತ್ತಿಗೆ ಮೇಲಿನ ಮಹಡಿಗಳ ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪ್ ತೆರೆದಿರುತ್ತದೆ. ಪರದೆಯ ಮೇಲೆ ಮಂಗಳೂರು, ಮಣಿಪಾಲ, ಬೆಂಗಳೂರಿನ ಕಾಲೇಜುಗಳ ಫೀಸಿನ ಪಟ್ಟಿ. ಸಿಬಿಎಸ್‌ಇ ಫಲಿತಾಂಶ ಬಂದ ಮೇಲಿನ ಈ ವಾರಗಳಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಮನೆಗಳಲ್ಲಿ ನಡೆಯುವ ಮಾತುಕತೆ ಹೆಚ್ಚು ಕಡಿಮೆ ಒಂದೇ ಥರ. ಮಗಳು ಬಿಬಿಎ ಅಂದಳು. ಸರಿ. ಆಮೇಲೆ? ಸೋಶಿಯಲ್ ಎಂಟರ್‌ಪ್ರೈಸ್. “ಅಂದ್ರೆ ಎನ್‌ಜಿಒನಾ? ಸಂಬಳ ಯಾರು ಕೊಡ್ತಾರೆ ಮಗಾ?”

ಅಪ್ಪನ ಪ್ರಶ್ನೆಯನ್ನು ಹಳೇ ಕಾಲದವರ ಭಯ ಎಂದು ತಳ್ಳಿಹಾಕುವುದು ಸುಲಭ. ಆದರೆ ಸಾಮಾಜಿಕ ಉದ್ಯಮ ಎಂಬ ಇಡೀ ವಿದ್ಯೆ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಈ ತಿಂಗಳ ಸಂಬಳ ಯಾರು ಕೊಡುತ್ತಾರೆ, ಮುಂದಿನ ತಿಂಗಳದ್ದು ಯಾರು ಕೊಡುತ್ತಾರೆ, ದಾನಿ ಕೈ ಎತ್ತಿದ ಮೇಲೂ ಕೊಡಲಾಗುತ್ತದೆಯೇ? ಇದಕ್ಕೆ ಉತ್ತರ ಕಂಡುಕೊಂಡವರು ಉಳಿದಿದ್ದಾರೆ. ಮಿಕ್ಕವರ ಫೋಟೊಗಳು ಹಳೆಯ ಪತ್ರಿಕೆಗಳಲ್ಲಿವೆ.

ಬೇಲಿಯೊಳಗಿನ ಊರು

ಮಹಬೂಲಾ ಕುವೈತಿನ ಅಹ್ಮದಿ ಪ್ರಾಂತ್ಯದ ಕಡಲಂಚಿನ ಬಡಾವಣೆ. ಫಹಾಹೀಲ್, ಮಂಗಾಫ್ ಕಡೆಯ ತೈಲ ಕಂಪನಿಗಳು, ಗುತ್ತಿಗೆದಾರರು, ಅಂಗಡಿ ಹೋಟೆಲುಗಳಲ್ಲಿ ದುಡಿಯುವವರು ಒತ್ತೊತ್ತಾಗಿ ನೆಲೆಸಿರುವ ಜಾಗ. ಫ್ಯಾಮಿಲಿ ವೀಸಾದ ಎರಡು ಕೋಣೆಯ ಮನೆಯ ಗೋಡೆಗೆ ತಾಗಿಯೇ ಬ್ಯಾಚುಲರ್‌ಗಳ ಬೆಡ್‌ಸ್ಪೇಸ್ ಇರುತ್ತದೆ. ಕುವೈತಿನಲ್ಲಿರುವ ಭಾರತೀಯರ ಸಂಖ್ಯೆ ಸುಮಾರು 10 ಲಕ್ಷ, ವಿದೇಶೀಯರಲ್ಲಿ ಅತಿದೊಡ್ಡ ಗುಂಪು. ಅವರ ಒಳ್ಳೆಯ ದಿನ, ಕೆಟ್ಟ ದಿನ ಎರಡನ್ನೂ ಮಹಬೂಲಾದ ಮಕ್ಕಳು ಕಿಟಕಿಯಿಂದಲೇ ಕಂಡಿರುತ್ತಾರೆ.

2020ರ ಏಪ್ರಿಲ್ 6ರಂದು ಸರಕಾರ ಮಹಬೂಲಾ ಮತ್ತು ಜಲೀಬ್ ಅಲ್ ಶುಯೂಖ್ ಎರಡನ್ನೂ ಸಂಪೂರ್ಣ ಮುಚ್ಚಿತು. ಬೇಲಿ ಬಂತು, ಚೆಕ್‌ಪೋಸ್ಟ್ ಬಂತು. ದಿನಗೂಲಿಯವರ ಸಂಪಾದನೆ ನಿಂತಿತು. ಜುಲೈವರೆಗೆ ಎಳೆದ ಆ ದಿಗ್ಬಂಧನದಲ್ಲಿ ಭಾರತೀಯ ಸಂಘಟನೆಗಳ ಸ್ವಯಂಸೇವಕರು ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಹಂಚಿದರು. ಯಾವ ಕಟ್ಟಡದ ಯಾವ ಕೋಣೆಯಲ್ಲಿ ಎಷ್ಟು ಜನ, ಯಾರಿಗೆ ಔಷಧಿ ಬೇಕು, ಯಾರ ಬಳಿ ಗ್ಯಾಸ್ ಮುಗಿದಿದೆ ಎಂಬ ಪಟ್ಟಿಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದವು. ಆಗ ಮಿಡ್ಲ್ ಸ್ಕೂಲಿನಲ್ಲಿದ್ದವರು ಇಂದು ಡಿಗ್ರಿಯ ಹೊಸ್ತಿಲಲ್ಲಿದ್ದಾರೆ.

ಆ ಸೇವೆಯ ಬೆಲೆ ದೊಡ್ಡದು. ಆದರೆ ಅದು ಉದ್ಯಮವಾಗಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಬೆಂಕಿ ಬಿದ್ದಾಗ ನೀರಿಗೆ ರೇಟು ಕಟ್ಟುವವರಿಲ್ಲ. ಬೇಲಿ ತೆಗೆದ ಮೇಲೂ ಉಳಿಯುವ ತೊಂದರೆಗಳದ್ದು ಬೇರೆಯೇ ಕಥೆ. ಊರಿನಲ್ಲಿರುವ ತಾಯಿಯ ಬಿಪಿ ಮಾತ್ರೆ, ತಂಗಿಯ ಟೈಲರಿಂಗ್ ಅಂಗಡಿಯ ಸಾಲ, ಹಳ್ಳಿಮನೆಯ ಕತ್ತಲೆ, ಅಂಗವೈಕಲ್ಯವಿರುವ ಅಣ್ಣನಿಗೆ ಸಿಗದ ಕೆಲಸ ಇವಕ್ಕೆ ಕಿಟ್ ಸಾಲುವುದಿಲ್ಲ. ಬಿಸಿನೆಸ್ ಓದಿದವರ ಅಗತ್ಯ ಬೀಳುವುದು ಇಲ್ಲಿ.

ಇಕಾಮಾದ ಗೆರೆ

ಹಾಗಾದರೆ ಮಹಬೂಲಾದಲ್ಲೇ ಒಂದು ಸಾಮಾಜಿಕ ಉದ್ಯಮ ತೆರೆಯಬಹುದೇ? ಉತ್ಸಾಹಕ್ಕೆ ಮೊದಲ ತಡೆ ಇಕಾಮಾ, ಎಂದರೆ ವಾಸದ ಪರವಾನಗಿ. ಅಪ್ಪನ ಪ್ರಾಯೋಜಕತ್ವದಲ್ಲಿರುವ, ಅಂದರೆ ಆರ್ಟಿಕಲ್ 22ರ ಫ್ಯಾಮಿಲಿ ವೀಸಾದ ಮಕ್ಕಳು ಉದ್ಯೋಗ ಮಾಡುವಂತಿಲ್ಲ. ಸಾಮಾಜಿಕ ವ್ಯವಹಾರಗಳ ಸಚಿವಾಲಯದ ಪರವಾನಗಿ ಇಲ್ಲದೆ ದೇಣಿಗೆ ಎತ್ತುವುದು ಅಪರಾಧ. ಫ್ರೆಂಡ್ಸ್ ಸೇರಿ ಡಬ್ಬಿ ಇಟ್ಟರೂ, ಫೋನಿನಲ್ಲಿ ಲಿಂಕ್ ಹಂಚಿದರೂ ತೊಂದರೆಗೆ ಸಿಕ್ಕಿಕೊಳ್ಳಬಹುದು. 2013ರ 98ನೇ ಕಾಯ್ದೆಯಡಿ 200 ಕೋಟಿ ದಿನಾರ್ ಬಂಡವಾಳದೊಂದಿಗೆ ಹುಟ್ಟಿದ ಸಣ್ಣ, ಮಧ್ಯಮ ಉದ್ಯಮಗಳ ರಾಷ್ಟ್ರೀಯ ನಿಧಿ ಇದೆ, ನಿಜ. ಅದು ಕುವೈತಿ ನಾಗರಿಕರಿಗೆ.

ಹಾಗೆಂದು ಕಲಿಯಲು ಏನೂ ಇಲ್ಲ ಎನ್ನುವಂತಿಲ್ಲ. ಯುವಜನರಿಗಾಗಿ 2002ರಲ್ಲಿ ಆರಂಭವಾದ ‘ಲೋಯಾಕ್’, ವಿದ್ಯಾರ್ಥಿಗಳಿಂದಲೇ ಪುಟ್ಟ ಕಂಪನಿ ಕಟ್ಟಿಸಿ ವ್ಯವಹಾರ ಕಲಿಸುವ ‘ಇಂಜಾಜ್ ಕುವೈತ್’ (2005ರಿಂದ) ಇಲ್ಲಿನವೇ. ‘ರಿಫುಡ್’ ಎಂಬ ಕುವೈತಿ ಸಂಸ್ಥೆಯ ಕೆಲಸವನ್ನಂತೂ ಬಿಸಿನೆಸ್ ವಿದ್ಯಾರ್ಥಿ ನೋಡಲೇಬೇಕು. ಅವಧಿ ಮುಗಿಯಲು ಕೆಲವೇ ದಿನ ಉಳಿದ ಪ್ಯಾಕ್ ಆಹಾರವನ್ನು ಆಹಾರ ಕಂಪನಿಗಳಿಂದ ಪಡೆದು ಅಗತ್ಯವಿರುವ ಕುಟುಂಬಗಳಿಗೆ ಮುಟ್ಟಿಸುತ್ತದೆ. ಕಂಪನಿಗೆ ಅದು ಎಸೆಯಬೇಕಾದ ಮಾಲು, ಎಸೆಯುವುದಕ್ಕೂ ಖರ್ಚು. ಒಬ್ಬರ ನಷ್ಟದ ಖಾತೆಯಲ್ಲಿರುವುದನ್ನು ಇನ್ನೊಬ್ಬರ ತಟ್ಟೆಗೆ ತರುವ ಸಾಗಾಟದ ಜಾಣ್ಮೆಯಿಂದಲೇ ಆ ಕೆಲಸ ನಡೆಯುತ್ತಿದೆ.

ಪಕ್ಕದ ಇಗೈಲಾದಲ್ಲೇ ಅಮೆರಿಕನ್ ಯೂನಿವರ್ಸಿಟಿ ಆಫ್ ದಿ ಮಿಡ್ಲ್ ಈಸ್ಟ್‌ನ ದೊಡ್ಡ ಕ್ಯಾಂಪಸ್ ಇದೆ, ಬಿಸಿನೆಸ್ ಕಾಲೇಜೂ ಇದೆ. ಆದರೂ ಫೀಸು, ವೀಸಾ ಎರಡನ್ನೂ ತೂಗಿ ನೋಡಿದ ಹೆಚ್ಚಿನ ಕನ್ನಡ ಕುಟುಂಬಗಳು ಮಕ್ಕಳನ್ನು ಊರಿಗೇ ಕಳಿಸುತ್ತವೆ. ಅದು ನಷ್ಟದ ವ್ಯಾಪಾರವೇನೂ ಅಲ್ಲ. ಸಾಮಾಜಿಕ ಉದ್ಯಮದ ಹಳೆಯ ಪಾಠಶಾಲೆ ಇರುವುದು ಅವರು ಹೋಗುವ ಊರುಗಳಲ್ಲೇ.

ಮನೆ ಬಾಗಿಲಿಗೆ ಬಂದ ಬ್ಯಾಂಕು

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ₹8,000 ಬಂಡವಾಳದಲ್ಲಿ ಒಂದು ಬ್ಯಾಂಕ್ ತೆರೆದರು. ಡಾ. ಟಿ.ಎಂ.ಎ. ಪೈ ವೈದ್ಯರು, ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಶ್ರೀನಿವಾಸ ಕುಡ್ವ ಎಂಜಿನಿಯರು. ಕೈಮಗ್ಗ ಸೊರಗಿ ಕರಾವಳಿಯ ನೇಕಾರರು ಸಂಕಟದಲ್ಲಿದ್ದ ಕಾಲ ಅದು. ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಉದ್ದ ಹೆಸರಿನ ಆ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು.

1928ರಲ್ಲಿ ಅದು ತಂದ ಯೋಜನೆಯ ಹೆಸರು ಕರಾವಳಿಯ ಮನೆಗಳಲ್ಲಿ ಇಂದಿಗೂ ದಿನಬಳಕೆಯ ಮಾತು: ಪಿಗ್ಮಿ. ಏಜೆಂಟ್ ದಿನವೂ ಮನೆಗೆ, ಅಂಗಡಿಗೆ ಬಂದು ಎರಡಾಣೆ ತೆಗೆದುಕೊಂಡು ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ. ದಿನಕ್ಕೆ ಎರಡಾಣೆ ಎಂದರೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ಅಷ್ಟು ಹಣವನ್ನು ತಿಂಗಳ ಕೊನೆಯಲ್ಲಿ ಒಟ್ಟಿಗೆ ಬ್ಯಾಂಕಿಗೆ ತಂದು ಕಟ್ಟು ಎಂದಿದ್ದರೆ ಮೀನು ಮಾರುವವಳಿಗೂ ಮಗ್ಗದವನಿಗೂ ಆಗುತ್ತಿರಲಿಲ್ಲ. ಅವರ ಕೈಗೆ ದುಡ್ಡು ಬರುವುದು ದಿನದ ಲೆಕ್ಕದಲ್ಲಿ, ಖರ್ಚಾಗುವುದೂ ಅದೇ ಸಂಜೆ. ಬ್ಯಾಂಕು ತನ್ನ ವೇಳಾಪಟ್ಟಿ ಬಿಟ್ಟು ಅವರ ವೇಳಾಪಟ್ಟಿಗೆ ಬಂತು.

ಆಗ ಇದನ್ನು ಯಾರೂ ಸಾಮಾಜಿಕ ಉದ್ಯಮ ಎಂದು ಕರೆಯಲಿಲ್ಲ. ಬ್ಯಾಂಕಿಗೆ ಠೇವಣಿ ಬೇಕಿತ್ತು, ಬಡವರಿಗೆ ಉಳಿತಾಯ ಬೇಕಿತ್ತು, ನಡುವೆ ಏಜೆಂಟನಿಗೆ ಕಮಿಷನ್ ಸಿಕ್ಕಿತು. ದಾನದ ಮಾತೇ ಇಲ್ಲ. ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿದ್ದು 2020ರ ಏಪ್ರಿಲ್ 1ರಂದು. ಮಹಬೂಲಾಕ್ಕೆ ಬೇಲಿ ಬಿದ್ದ ವಾರವೇ. ಆ ಗಡಿಬಿಡಿಯಲ್ಲಿ ಗಲ್ಫಿನ ಎಷ್ಟು ಜನ ಕರಾವಳಿಗರು ಅದನ್ನು ಗಮನಿಸಿದರೋ!

> ಬಾಕ್ಸ್: ಒಂದು ಪಟ್ಟಿ, 42 ಹೆಸರು
>
> 1976ರಲ್ಲಿ ಚಿತ್ತಗಾಂಗ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಮೇಷ್ಟ್ರು ಮುಹಮ್ಮದ್ ಯೂನುಸ್ ಪಕ್ಕದ ಜೋಬ್ರಾ ಹಳ್ಳಿಯಲ್ಲಿ ಬಡ್ಡಿ ವ್ಯಾಪಾರಿಗಳಿಗೆ ಸಿಲುಕಿದವರ ಪಟ್ಟಿ ಮಾಡಿಸಿದರು. ಮನೆಮನೆಗೆ ಹೋಗಿ ಪಟ್ಟಿ ತಂದದ್ದು ಅವರ ವಿದ್ಯಾರ್ಥಿನಿ. ಒಟ್ಟು 42 ಜನ, ಎಲ್ಲರ ಸಾಲ ಕೂಡಿಸಿದರೆ 856 ಟಾಕಾ, ಅಂದಿನ ಲೆಕ್ಕದಲ್ಲಿ 27 ಡಾಲರ್. ಗ್ರಾಮೀಣ ಬ್ಯಾಂಕ್ ಹುಟ್ಟಿದ್ದು 1983ರಲ್ಲಿ, ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು 2006ರಲ್ಲಿ.

ತಿಂಗಳಿಗೆ ₹300 ದುಬಾರಿ, ದಿನಕ್ಕೆ ₹10 ಸರಿ

ಪಿಗ್ಮಿ ಹುಟ್ಟಿ ಸುಮಾರು ಏಳು ದಶಕಗಳ ಮೇಲೆ ಅದೇ ಪಾಠ ಸೋಲಾರ್ ದೀಪದ ರೂಪದಲ್ಲಿ ಮರಳಿತು. ಐಐಟಿ ಖರಗ್‌ಪುರದಲ್ಲಿ ಓದಿ ಅಮೆರಿಕದಲ್ಲಿ ಡಾಕ್ಟರೇಟ್‌ಗೆ ಹೋಗಿದ್ದ ಹರೀಶ್ ಹಂದೆ, ನೆವಿಲ್ ವಿಲಿಯಮ್ಸ್ ಜೊತೆಗೂಡಿ 1995ರಲ್ಲಿ ಬೆಂಗಳೂರಿನಲ್ಲಿ ‘ಸೆಲ್ಕೋ’ ಕಂಪನಿ ಆರಂಭಿಸಿದರು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವರು ಸೋಲಾರ್ ಕೊಳ್ಳಲಾರರು, ಕೊಂಡರೂ ನಿಭಾಯಿಸಲಾರರು, ಇಂಥ ಕಂಪನಿ ಉಳಿಯಲಾರದು ಎಂಬ ಮೂರು ಮಾತುಗಳನ್ನು ಸುಳ್ಳು ಮಾಡುವುದೇ ಅವರ ಹಟ.

ಒಬ್ಬಳು ಬೀದಿ ವ್ಯಾಪಾರಿ ಕಲಿಸಿದ ಪಾಠವನ್ನು ಹಂದೆ ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ. ತಿಂಗಳಿಗೆ ₹300 ಎಂದರೆ ಆಕೆಗೆ ಹೊರೆ, ದಿನಕ್ಕೆ ₹10 ಎಂದರೆ ಆದೀತು. ಎಂಬಿಎ ತರಗತಿಯ ಎಕ್ಸೆಲ್ ಹಾಳೆಗೆ ಇವೆರಡೂ ಒಂದೇ. ತಳ್ಳುಗಾಡಿಗೆ ಒಂದೇ ಅಲ್ಲ.

ಆ ಒಂದು ತಿಳಿವಳಿಕೆಯ ಮೇಲೆ ಒಂದು ಸಣ್ಣ ವ್ಯಾಪಾರವೇ ಕಟ್ಟಿಕೊಂಡಿತು. ಒಬ್ಬ ಉದ್ಯಮಿ ಬ್ಯಾಂಕ್ ಸಾಲದಲ್ಲಿ ಪ್ಯಾನೆಲ್, ಬ್ಯಾಟರಿಗಳನ್ನು ಕೊಳ್ಳುತ್ತಾನೆ. ಹಗಲೆಲ್ಲ ಬ್ಯಾಟರಿ ಚಾರ್ಜ್ ಆಗುತ್ತದೆ. ಸಂಜೆ ಗಾಡಿಯಲ್ಲಿ ಅವನ್ನು ಹೇರಿಕೊಂಡು ಹೋಗಿ ತರಕಾರಿ, ಹೂವು ಮಾರುವವರಿಗೆ ದೀಪದ ಸಮೇತ ಬಾಡಿಗೆಗೆ ಕೊಡುತ್ತಾನೆ. ರಾತ್ರಿ ವ್ಯಾಪಾರ ಮುಗಿದಾಗ ಬಾಡಿಗೆ ವಸೂಲಿ, ಬ್ಯಾಟರಿ ವಾಪಸ್. ಸೀಮೆಎಣ್ಣೆ ದೀಪಕ್ಕೆ ಕೊಡುತ್ತಿದ್ದ ದುಡ್ಡೇ ಇತ್ತ ತಿರುಗಿತು.

ಶಾಲಾ ಮಕ್ಕಳಿಗೂ ಸೆಲ್ಕೋ ಇಂಥದ್ದೇ ಉಪಾಯ ಹೂಡಿತು. ಪ್ಯಾನೆಲ್ ಶಾಲೆಯ ಚಾವಣಿಯ ಮೇಲೆ, ಪುಟ್ಟ ಬ್ಯಾಟರಿ ಮಗುವಿನ ಕೈಯಲ್ಲಿ. ಬೆಳಿಗ್ಗೆ ತಂದು ಚಾರ್ಜಿಗೆ ಹಾಕಬೇಕು, ಸಂಜೆ ಮನೆಗೆ ಒಯ್ದರೆ ಓದಲು ಬೆಳಕು. ಶಾಲೆ ತಪ್ಪಿಸಿದರೆ ಅಂದು ಮನೆಯಲ್ಲಿ ಕತ್ತಲೆ.

ದಾರಿ ಹೂವಿನದ್ದಾಗಿರಲಿಲ್ಲ. 2000ರ ದಶಕದ ನಡುವೆ ಜರ್ಮನಿ ಸಬ್ಸಿಡಿ ಕೊಟ್ಟು ಸೋಲಾರ್ ಕೊಳ್ಳತೊಡಗಿದಾಗ ಪ್ಯಾನೆಲ್ ಬೆಲೆ ಜಗತ್ತಿನಾದ್ಯಂತ ಏರಿ ಸೆಲ್ಕೋ ನಷ್ಟಕ್ಕೆ ಬಿತ್ತು. ಬರ್ಲಿನ್‌ನಲ್ಲಿ ಮಾಡಿದ ಕಾನೂನು ಕರ್ನಾಟಕದ ಹಳ್ಳಿಯ ದೀಪಕ್ಕೆ ಮುಳುವಾಗಬಹುದು ಎಂಬುದನ್ನು ‘ಇಂಟರ್‌ನ್ಯಾಷನಲ್ ಬಿಸಿನೆಸ್’ ಪಾಠದಲ್ಲಿ ಹೇಳುವವರು ಕಡಿಮೆ.

ಕರಾವಳಿಯ ವಿದ್ಯಾರ್ಥಿ ದಿನ, ತಿಂಗಳ ಕಂತಿನ ಈ ಲೆಕ್ಕವನ್ನು ಮಲ್ಪೆ ಬಂದರಿನಲ್ಲೇ ಮಾಡಿ ನೋಡಬಹುದು. ಕುವೈತಿನಲ್ಲಿ ಮಧ್ಯಾಹ್ನದ ಕೆಲಸಕ್ಕೆ ನಿಷೇಧ ಬೀಳುವ ಅದೇ ಜೂನ್ 1ರಂದು ಇತ್ತ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಬೀಳುತ್ತದೆ. ಜುಲೈ 31ರವರೆಗೆ, 61 ದಿನ. ಬೋಟಿನಲ್ಲಿ ದುಡಿಯುವವನ ಮನೆಗೆ ಆ ಎರಡು ತಿಂಗಳು ಕಂತು ಕಟ್ಟು ಎನ್ನುವ ಸಾಲ ಕಾಗದದ ಮೇಲೆ ಎಷ್ಟೇ ಕಡಿಮೆ ಬಡ್ಡಿಯದ್ದಾದರೂ ಕೆಟ್ಟ ಸಾಲ. ಅಡಿಕೆಯವನಿಗೆ ಕೊಯ್ಲಾದ ಮೇಲೆ, ಹೈನುಗಾರನಿಗೆ ಡೇರಿಯ ಬಟವಾಡೆಯ ದಿನ, ಬೀಡಿ ಕಟ್ಟುವವಳಿಗೆ ಲೆಕ್ಕವಾದ ವಾರ. ಒಂದೇ ತಾಲ್ಲೂಕಿನಲ್ಲಿ ನಾಲ್ಕು ಬಗೆಯ ಕಂತು ಬೇಕು. ಇದನ್ನು ಕೂತು ಬರೆಯುವುದು ಕಾಮರ್ಸ್ ಓದಿದವರ ಕೆಲಸ. ಎಂಜಿನಿಯರ್ ಬರೆಯಲಾರ, ಸಮಾಜ ಸೇವಕ ಬರೆಯುವಷ್ಟು ಹೊತ್ತು ಕೂರಲಾರ.

ತಗಡಿನ ಶೆಡ್ಡಿನಿಂದ ಸುಪ್ರೀಂ ಕೋರ್ಟಿಗೆ

2017ರಲ್ಲಿ ಹುಬ್ಬಳ್ಳಿಯಲ್ಲಿ ಒಂದು ಕೆಫೆ ತೆರೆಯಿತು. ಜಾಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಆವರಣ, ಹಳಬರು ಇನ್ನೂ ‘ಬಿವಿಬಿ’ ಎನ್ನುವ ಕಾಲೇಜು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದ ಅಲೀನಾ ಆಲಂ ‘ಮಿಟ್ಟಿ ಕೆಫೆ’ ಶುರು ಮಾಡಿದ್ದು ಅಲ್ಲಿ, ಒಂದು ಹಳೆಯ ಶೆಡ್ಡಿನಲ್ಲಿ. ಬೆನ್ನಿಗಿದ್ದದ್ದು ದೇಶಪಾಂಡೆ ಫೌಂಡೇಶನ್. ಕೆಫೆ ನಡೆಸುವವರು ದೈಹಿಕ, ಬೌದ್ಧಿಕ ಅಂಗವೈಕಲ್ಯ ಇರುವವರು.

ಇಲ್ಲಿ ಗ್ರಾಹಕನಿಗೆ ಸಿಗುವುದು ಚಹಾ, ಸಮೋಸ. ಅನುಕಂಪ ಮಾರಾಟಕ್ಕಿಲ್ಲ. ಬೆಲೆ ಪಟ್ಟಿ ಬ್ರೇಲ್‌ನಲ್ಲೂ ಇರುತ್ತದೆ, ಕಿವಿ ಕೇಳದವರ ಬಳಿ ಆರ್ಡರ್ ಕೊಡಲು ಫಲಕಗಳಿರುತ್ತವೆ. ವಿಶ್ವವಿದ್ಯಾಲಯ, ಐಟಿ ಕಂಪನಿ, ಆಸ್ಪತ್ರೆಗಳ ಒಳಗೆ ಜಾಗ ಪಡೆದು ಕೆಫೆ ತೆರೆಯುವುದರಿಂದ ಬಾಡಿಗೆಯ ಭಾರ ಇಳಿಯುತ್ತದೆ, ಗಿರಾಕಿಗಳು ಗ್ಯಾರಂಟಿ. ಹೋಟೆಲ್ ನಡೆಸಿದ ಯಾವ ಉಡುಪಿ ಭಟ್ಟರನ್ನು ಕೇಳಿದರೂ ಜಾಗದ ಬಾಡಿಗೆಯೇ ಅರ್ಧ ಯುದ್ಧ ಎನ್ನುತ್ತಾರೆ. ಅಲೀನಾ ಸ್ನಾತಕೋತ್ತರದಲ್ಲಿ ಓದಿದ್ದು ಅಭಿವೃದ್ಧಿ ಅಧ್ಯಯನ. ಆದರೂ ಮಿಟ್ಟಿಯನ್ನು ಹಿಡಿದು ನಿಲ್ಲಿಸಿದ್ದು ಈ ಬಾಡಿಗೆಯ ಲೆಕ್ಕ. ಬೆಂಗಳೂರು ವಿಮಾನ ನಿಲ್ದಾಣಕ್ಕೂ ಬಂದ ಮಿಟ್ಟಿ, 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆವರಣದೊಳಗೂ ತೆರೆಯಿತು.

ಹುಬ್ಬಳ್ಳಿಯೇ ಯಾಕೆ ಎಂದು ಕೇಳುವವರಿಗೆ ಹಿನ್ನೆಲೆ ಇದೆ. ಅಮೆರಿಕದಲ್ಲಿ ಟೆಲಿಕಾಂ ಉದ್ಯಮ ಕಟ್ಟಿದ ಹುಬ್ಬಳ್ಳಿಯ ಗುರುರಾಜ ದೇಶಪಾಂಡೆ, ಪತ್ನಿ ಜಯಶ್ರೀ ಜೊತೆ ಸ್ಥಾಪಿಸಿದ ಫೌಂಡೇಶನ್ ಹುಬ್ಬಳ್ಳಿ-ಧಾರವಾಡ ಪ್ರದೇಶವನ್ನು ‘ಸ್ಯಾಂಡ್‌ಬಾಕ್ಸ್’ ಎಂದು ಕರೆದು ಪ್ರಯೋಗಕ್ಕೆ ಬಿಟ್ಟುಕೊಟ್ಟಿತು. ಅದರ ‘ಲೀಡ್’ ಕಾರ್ಯಕ್ರಮದಲ್ಲಿ ಕಾಲೇಜು ವಿದ್ಯಾರ್ಥಿ ತನ್ನೂರಿನ ಒಂದು ತೊಂದರೆ ಹಿಡಿದು ಬಂದರೆ ಪ್ರಯತ್ನಿಸಲು ಸಣ್ಣ ಮೊತ್ತದ ಬೀಜಧನ ಸಿಗುತ್ತದೆ. ಸೋತರೂ ಪರವಾಗಿಲ್ಲ ಎಂಬ ಸಲುಗೆಗೆ ಅಲ್ಲಿ ಬೆಲೆ ಇದೆ.

> ಬಾಕ್ಸ್: ರಜೆಗೆ ಬಂದಾಗ ಹೋಗಿ ನೋಡಿ
>
> ಉಜಿರೆ: 1982ರಲ್ಲಿ ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಹುಟ್ಟಿದ ರುಡ್‌ಸೆಟ್. ಸ್ವ-ಉದ್ಯೋಗಕ್ಕೆ ಉಚಿತ ವಸತಿ ತರಬೇತಿ, ಆಮೇಲೆ ಸಾಲದ ಜೋಡಣೆ. ದೇಶದ ಜಿಲ್ಲೆಗಳಲ್ಲಿರುವ ಆರ್‌ಸೆಟಿ ತರಬೇತಿ ಕೇಂದ್ರಗಳಿಗೆ ಇದೇ ಮಾದರಿ.
>
> ಪುತ್ತೂರು: 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ ಮುಂದಾಳತ್ವದಲ್ಲಿ ಕರ್ನಾಟಕ, ಕೇರಳದ ಅಡಿಕೆ ಬೆಳೆಗಾರರು ಕಟ್ಟಿದ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ. ಕಾಸರಗೋಡಿನ ಬೆಳೆಗಾರನೂ ಇದರ ಮಾಲೀಕ.
>
> ಬೆಂಗಳೂರು: ಚಿಂದಿ ಆಯುವವರ ಸಂಘಟನೆ ‘ಹಸಿರು ದಳ’, ಅದರಿಂದ ಹುಟ್ಟಿದ ಕಸ ನಿರ್ವಹಣೆಯ ಕಂಪನಿ ‘ಹಸಿರು ದಳ ಇನ್ನೋವೇಶನ್ಸ್’. ಹೊಸ ಉದ್ಯಮಗಳನ್ನು ಪೋಷಿಸುವ ಐಐಎಂನ ಎನ್‌ಎಸ್‌ಆರ್‌ಸಿಇಎಲ್ ಕೇಂದ್ರ ಕೂಡ ಇಲ್ಲೇ.
>
> ರೈಲಿನಲ್ಲಿ: 2008ರಿಂದ ನಡೆಯುತ್ತಿರುವ ಜಾಗೃತಿ ಯಾತ್ರೆ. ಮುಂಬೈಯಿಂದ ಹೊರಟು 15 ದಿನ, 8,000 ಕಿ.ಮೀ. ಮದುರೆಯ ಅರವಿಂದ ಕಣ್ಣಾಸ್ಪತ್ರೆ ಅದರ ಪ್ರಸಿದ್ಧ ನಿಲ್ದಾಣ.

ಕ್ಲಾಸಿನ ಪ್ರಾಜೆಕ್ಟು ಬೆಂಗಳೂರಿಗೆ ಬಂದಾಗ

ಪ್ರಶಸ್ತಿ, ಸ್ಪರ್ಧೆಗಳಿಂದ ಏನೂ ಆಗುವುದಿಲ್ಲ ಎನ್ನುವಂತೆಯೂ ಇಲ್ಲ. 2014ರಲ್ಲಿ ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ವಿದ್ಯಾರ್ಥಿಗಳ ‘ನ್ಯಾನೋಹೆಲ್ತ್’ ತಂಡ ಹಲ್ಟ್ ಪ್ರೈಜ್ ಗೆದ್ದು 10 ಲಕ್ಷ ಡಾಲರ್ ತಂದಿತು. ಕೊಳೆಗೇರಿಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡವನ್ನು ಆರೋಗ್ಯ ಕಾರ್ಯಕರ್ತೆಯರ ಮೂಲಕ ಮನೆಬಾಗಿಲಲ್ಲೇ ತಪಾಸಣೆ ಮಾಡುವ ಯೋಜನೆ ಅದು.

ಇನ್ನೂ ಕುತೂಹಲದ್ದು ‘ಎಂಬ್ರೇಸ್’ ಕಥೆ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಒಂದು ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಸಿಕ್ಕ ಹೋಮ್‌ವರ್ಕ್: ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಅಗ್ಗದ ಇನ್‌ಕ್ಯುಬೇಟರ್. ತಂಡದಲ್ಲಿದ್ದ ಜೇನ್ ಚೆನ್ ಎಂಬಿಎ ವಿದ್ಯಾರ್ಥಿನಿ, ರಾಹುಲ್ ಪಣಿಕ್ಕರ್, ಲೈನಸ್ ಲಿಯಾಂಗ್, ನಾಗಾನಂದ ಮೂರ್ತಿ ಎಂಜಿನಿಯರುಗಳು. ಪುಟ್ಟ ಮಲಗುಚೀಲದಂಥ ಹೊದಿಕೆ, ಅದರೊಳಗೆ ಮೇಣದಂಥ ವಸ್ತುವಿನ ಚೀಲ. ಒಮ್ಮೆ ಬಿಸಿ ಮಾಡಿದರೆ ಗಂಟೆಗಟ್ಟಲೆ 37 ಡಿಗ್ರಿಯಲ್ಲೇ ನಿಲ್ಲುತ್ತದೆ. ಸುಮಾರು 20,000 ಡಾಲರ್‌ನ ಯಂತ್ರದ ಜಾಗದಲ್ಲಿ ಅದರ ನೂರನೇ ಒಂದು ಪಾಲಿನ ಬೆಲೆ.

ಕ್ಲಾಸು ಮುಗಿಯಿತು, ಮಾರ್ಕ್ಸೂ ಬಂತು. ತಂಡ ಗಂಟು ಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಬಂತು. ಇಲ್ಲಿ ತಾಯಂದಿರ ಜೊತೆ ಕೂತಾಗಲೇ ಒಂದು ದೋಷ ತಿಳಿದದ್ದು. ಸಾಧನದ ಮೇಲೆ ಉಷ್ಣಾಂಶ ಅಂಕಿಯಲ್ಲಿ ಕಾಣುತ್ತಿತ್ತು. ಡಾಕ್ಟರು ಒಂದು ಚಮಚ ಔಷಧಿ ಎಂದರೆ ಅರ್ಧ ಚಮಚವೇ ಸಾಕು ಎನ್ನುವ ಜಾಗ್ರತೆಯ ತಾಯಿ, 37 ಅಂದರೆ ಸ್ವಲ್ಪ ಕಡಿಮೆಯೇ ಇರಲಿ ಎಂದುಕೊಳ್ಳುತ್ತಾಳೆ. ಅಂಕಿ ಹೋಯಿತು, ಬರೇ ‘ಓಕೆ’ ಎಂಬ ಗುರುತು ಬಂತು. ಮುಂದೆ ಹಣದ ಹರಿವಿಗಾಗಿ ಅವರು ಲಾಭರಹಿತ ಸಂಸ್ಥೆ, ಲಾಭದ ಕಂಪನಿ ಎಂದು ಎರಡಾಗಿ ಒಡೆದುಕೊಂಡರು. ಯಾವ ರೂಪ ಯಾವ ಕೆಲಸಕ್ಕೆ ಎಂಬುದನ್ನು ಬಗೆಹರಿಸಲು ತಂಡದಲ್ಲಿ ಬಿಸಿನೆಸ್ ಓದಿದವರು ಬೇಕಾಗುವುದು ಇಂಥಲ್ಲಿ.

ಕಾಲೇಜು ಫೆಸ್ಟ್‌ಗಳ ‘ಐಡಿಯಾ’ ಸ್ಪರ್ಧೆಗಳಲ್ಲಿ ಗೆದ್ದ ಬಹುಪಾಲು ಯೋಜನೆಗಳು ಬಳಸುವವರ ಬಳಿಗೇ ಹೋಗುವ ಈ ಎರಡನೇ ಹೆಜ್ಜೆ ಇಡುವುದೇ ಇಲ್ಲ. ಹೊಸ ಐಡಿಯಾ ಹುಡುಕುವ ಚಪಲಕ್ಕಿಂತ, ಈಗಾಗಲೇ ಉಸಿರು ಹಿಡಿದು ನಿಂತಿರುವ ಒಂದು ಪುಟ್ಟ ಘಟಕದ ಪುಸ್ತಕ ತೆರೆದು ಕೂರುವುದು ಹೆಚ್ಚು ಉಪಕಾರ.

ರೊಟ್ಟಿಯ ಬ್ಯಾಲೆನ್ಸ್ ಶೀಟು

ಕಾಗದದ ಮೇಲಿನ ಒಂದು ಲೆಕ್ಕ ನೋಡಿ. ಉತ್ತರ ಕರ್ನಾಟಕದ ಒಂದು ಊರಲ್ಲಿ ಐವರು ಹೆಂಗಸರ ಸಂಘ ದಿನಕ್ಕೆ 600 ಜೋಳದ ರೊಟ್ಟಿ ಬಡಿಯುತ್ತದೆ ಎಂದುಕೊಳ್ಳೋಣ. ಒಂದಕ್ಕೆ ₹8. ವ್ಯಾಪಾರ ₹4,800. ಹಿಟ್ಟು, ಗ್ಯಾಸ್, ಪ್ಯಾಕಿಂಗಿಗೆ ₹2,600. ಉಳಿಯುವುದು ₹2,200, ತಲೆಗೆ ₹440. ಚೆನ್ನಾಗಿದೆ ಎನಿಸುತ್ತದೆ.

ಈಗ ಅರ್ಧ ರೊಟ್ಟಿಗಳನ್ನು ಒಂದು ಹೋಟೆಲ್ ಉದ್ರಿಯಲ್ಲಿ ಕೊಳ್ಳುತ್ತದೆ, 45 ದಿನದ ಮೇಲೆ ಹಣ. ಆಗ ದಿನಕ್ಕೆ ಕೈಗೆ ಬರುವುದು ₹2,400. ಖರ್ಚು ಅದೇ ₹2,600. ಲಾಭದಲ್ಲಿರುವ ಸಂಘ ದಿನಾ ₹200 ಕೈಯಿಂದ ಹಾಕುತ್ತದೆ, ಕೂಲಿ ಸೊನ್ನೆ. ಹೋಟೆಲಿನಿಂದ ಬರಬೇಕಾದ ಬಾಕಿ 45ನೇ ದಿನಕ್ಕೆ ₹1,08,000. ಒಬ್ಬಳ ಕಿವಿಯೋಲೆ ಅಡವಿಗೆ ಹೋಗುವುದು ಹೀಗೆ. ಸಂಘ ಮುಚ್ಚಿದ ಮೇಲೆ ಊರು ಹೇಳುವುದು “ಹೆಂಗಸರಿಗೆ ವ್ಯವಹಾರ ಬರಲಿಲ್ಲ”.

ಬಿಕಾಂ ಎರಡನೇ ವರ್ಷದ ಹುಡುಗ ಇಲ್ಲಿ ಏನು ಮಾಡಬಹುದು? ಉದ್ಯಮ್ ಪೋರ್ಟಲಿನಲ್ಲಿ ಸಂಘದ ನೋಂದಣಿ ಮಾಡಿಸಬಹುದು, ಅದು ಉಚಿತ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಘಟಕಕ್ಕೆ ಖರೀದಿದಾರ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಕೊಡಬೇಕು. ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್) ಎಂಬ ಕಲಮು, 2024ರ ಏಪ್ರಿಲ್‌ನಿಂದ, ಆ ಗಡುವು ಮೀರಿದ ಬಾಕಿಯನ್ನು ಖರೀದಿದಾರ ಪಾವತಿಸುವ ತನಕ ಖರ್ಚು ಎಂದು ತೋರಿಸಿಕೊಳ್ಳಲು ಬಿಡುವುದಿಲ್ಲ. ಹೋಟೆಲಿನ ಮ್ಯಾನೇಜರಿಗೆ ಬಡವರ ಕಷ್ಟ ಹೇಳುವುದಕ್ಕಿಂತ ಈ ಕಲಮನ್ನು ಅವರ ಆಡಿಟರಿಗೆ ನೆನಪಿಸುವುದು ಬೇಗ ಕೆಲಸ ಮಾಡುತ್ತದೆ.

ಮಹಬೂಲಾದಲ್ಲಿ ಬೆಳೆದವರಿಗೆ ಈ ವಿದ್ಯೆ ತೀರ ಹೊಸದೂ ಅಲ್ಲ. ಬ್ಯಾಚುಲರ್ ಮೆಸ್ಸಿನ ನೋಟ್‌ಬುಕ್ ನೋಡಿದವರಿಗೆ ಗೊತ್ತು. ಎಡಗಡೆ ಹೆಸರುಗಳು, ಮೇಲೆ ತಾರೀಕು, ಊಟಕ್ಕೆ ಬಾರದ ದಿನಕ್ಕೆ ಅಡ್ಡಗೆರೆ, ಕೊನೆಯ ಪುಟದಲ್ಲಿ ಅಕ್ಕಿ ಚೀಲ, ಗ್ಯಾಸು, ಮೀನು. ತಿಂಗಳಾಖೈರಿಗೆ ಭಾಗಾಕಾರ. ಸಂಬಳ ತಡವಾದವನ ಪಾಲನ್ನು ಯಾರು ಹೊರಬೇಕು ಎಂಬುದಕ್ಕೂ ಅಲ್ಲೊಂದು ಅಲಿಖಿತ ನಿಯಮ ಇರುತ್ತದೆ.

‘ಸೋಶಿಯಲ್’ ಬೋರ್ಡಿನ ಕೆಳಗೆ

ಎಚ್ಚರವೂ ಬೇಕು. ಬಡವರಿಗೆ ಸಾಲ ಎಂಬ ಒಳ್ಳೆಯ ಮಾತಿನಿಂದ ಹೊರಟ ಕಿರುಸಾಲ 2010ರಲ್ಲಿ ಆಂಧ್ರಪ್ರದೇಶದಲ್ಲಿ ಬಲವಂತದ ವಸೂಲಿಯ ಬಿಕ್ಕಟ್ಟಾಗಿ ತಿರುಗಿದ್ದನ್ನು ದೇಶ ನೋಡಿದೆ. ಕರ್ನಾಟಕದಲ್ಲೂ ವಸೂಲಿಗಾರರ ಕಿರುಕುಳದ ದೂರುಗಳು ಹೆಚ್ಚಿ, ಕುಟುಂಬಗಳು ಮನೆ ಬಿಟ್ಟು ಹೋದ ಸುದ್ದಿಗಳು ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು. ಮನೆಬಾಗಿಲಿಗೆ ಬರುವ ಪಿಗ್ಮಿ ಏಜೆಂಟನೂ ಕಿರುಸಾಲದ ವಸೂಲಿಗಾರನೂ ತುಳಿಯುವುದು ಅದೇ ಮೆಟ್ಟಿಲು. ಹಾಗಾಗಿ ಇಂಟರ್ನ್‌ಶಿಪ್ ಹುಡುಕುವವರು ಸಂಸ್ಥೆಯ ವೆಬ್‌ಸೈಟಿನ ಫೋಟೊ ನೋಡುವ ಮುಂಚೆ ಅದರ ಬಡ್ಡಿ ದರ, ಒಬ್ಬ ಸಾಲಗಾರ್ತಿಗೆ ಎಷ್ಟು ಸಂಸ್ಥೆಗಳ ಸಾಲವಿದೆ, ವಸೂಲಿಗಾರನ ಸಂಬಳ ಯಾವುದರ ಮೇಲೆ ನಿಂತಿದೆ ಎಂಬುದನ್ನು ಕೇಳಬೇಕು. ಇನ್ಸೆಂಟಿವ್ ಪೂರ್ತಿ ವಸೂಲಿಗೇ ಕಟ್ಟಿದ್ದರೆ ಉಳಿದದ್ದು ಹೇಳಬೇಕಿಲ್ಲ.

> ಬಾಕ್ಸ್: ಕಾನೂನಿನ ಬಾಗಿಲುಗಳು
>
> ಸೆಕ್ಷನ್ 8 ಕಂಪನಿ: 2013ರ ಕಂಪನಿ ಕಾಯ್ದೆಯಡಿ. ಲಾಭ ಮಾಡಬಹುದು, ಷೇರುದಾರರಿಗೆ ಹಂಚುವಂತಿಲ್ಲ.
>
> ಸಿಎಸ್‌ಆರ್: ನಿವ್ವಳ ಮೌಲ್ಯ ₹500 ಕೋಟಿ, ವಹಿವಾಟು ₹1,000 ಕೋಟಿ ಅಥವಾ ನಿವ್ವಳ ಲಾಭ ₹5 ಕೋಟಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು.
>
> ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್: 2023ರ ಡಿಸೆಂಬರ್‌ನಲ್ಲಿ ಎನ್‌ಎಸ್‌ಇಯಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್. ಇದರ ಬಾಂಡಿಗೆ ಬಡ್ಡಿಯೂ ಇಲ್ಲ, ಅಸಲೂ ವಾಪಸ್ ಬರುವುದಿಲ್ಲ. ಬದಲಿಗೆ ಹಣದಿಂದ ಏನಾಯಿತು ಎಂಬ ವರದಿ ಬರುತ್ತದೆ.

ದಿನಾರು ಊರಿಗೆ ಹೋಗುವ ದಾರಿ

ಕೊನೆಗೆ ಗಲ್ಫಿನ ಮನೆಗಳಲ್ಲಿ ಯಾವಾಗಲೂ ಏಳುವ ಗೊಂದಲ. ಮಗ ಊರಿನಲ್ಲಿ ಒಂದು ಟ್ರಸ್ಟಿನ ಜೊತೆ ಕೆಲಸ ಮಾಡುತ್ತಿದ್ದಾನೆ, ಮಹಬೂಲಾದ ಅಪ್ಪ, ಚಿಕ್ಕಪ್ಪ, ರೂಮಿನ ಗೆಳೆಯರು ಕೈಲಾದಷ್ಟು ಕೊಡಲು ಸಿದ್ಧ. ಆದರೆ ವಿದೇಶದ ದುಡ್ಡಲ್ಲವೇ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಅಡ್ಡ ಬರುವುದಿಲ್ಲವೇ?

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮಾಮೂಲಿ ದಾರಿಯಲ್ಲಿ ಕಳಿಸಿದ ದೇಣಿಗೆ ಎಫ್‌ಸಿಆರ್‌ಎ ಪ್ರಕಾರ ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರು ಕೊಟ್ಟರೆ ಮಾತ್ರ ಅದು ವಿದೇಶಿ. ಹಾಗಾಗಿ ಕೆನಡಾ ಪೌರತ್ವ ಪಡೆದ ಭಾವನ ಹಣವನ್ನೂ ಮಹಬೂಲಾದ ಅಣ್ಣನ ಹಣವನ್ನೂ ಒಂದೇ ಖಾತೆಗೆ ಸುರಿಸಿಕೊಂಡ ಟ್ರಸ್ಟು ತೊಂದರೆ ಮೈಮೇಲೆ ಎಳೆದುಕೊಳ್ಳುತ್ತದೆ. ಕುವೈತಿನ ಕಡೆಯಿಂದ, ಹತ್ತು ಜನರ ಹಣ ಒಟ್ಟು ಮಾಡಿ ಒಬ್ಬರ ಹೆಸರಲ್ಲಿ ಕಳಿಸುವ ಹಳೆಯ ರೂಢಿ ಬೇಡ. ಪ್ರತಿಯೊಬ್ಬರೂ ತಮ್ಮ ಎನ್‌ಆರ್‌ಇ, ಎನ್‌ಆರ್‌ಒ ಖಾತೆಯಿಂದ ನೇರವಾಗಿ ಕಳಿಸಿ ರಸೀದಿ ಪಡೆಯುವುದು ಸುರಕ್ಷಿತ.

ಟ್ರಸ್ಟಿನವರು ಪಾಸ್‌ಪೋರ್ಟಿನ ಪ್ರತಿ ಕೇಳಿದರೆ ಸಂಶಯಪಡಬೇಕಿಲ್ಲ, ಅವರು ನಿಯಮ ಬಲ್ಲವರು ಎಂದರ್ಥ. ಕೊಡುವವರೂ ಎರಡು ವರ್ಷದ ಆಡಿಟ್ ವರದಿ ಕೇಳಬಹುದು. ಅದರಲ್ಲಿ ಮೊದಲು ನೋಡಬೇಕಾದ್ದು ಒಟ್ಟು ಆದಾಯದಲ್ಲಿ ಮಾರಾಟದಿಂದ ಬಂದದ್ದೆಷ್ಟು, ದೇಣಿಗೆಯಿಂದ ಬಂದದ್ದೆಷ್ಟು ಎಂಬ ಎರಡು ಸಾಲು. ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಮೊದಲನೇ ಸಾಲಿನ ಪಾಲು ಏರುತ್ತಿದ್ದರೆ, ಬಿಬಿಎ ಹುಡುಗಿಗೆ ಇಂಟರ್ನ್‌ಶಿಪ್ ಅರ್ಜಿ ಹಾಕಲು ಒಳ್ಳೆಯ ಜಾಗ ಸಿಕ್ಕಿತು ಎಂದೇ ಲೆಕ್ಕ.